ಬ್ಯಾಕಪ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ಫೈಲ್ ಅಳಿಸಿ ನೋಡಿ

ನಮ್ಮ ಫೈಲ್‌ಗಳ ಇನ್ನೊಂದು ಪ್ರತಿಯನ್ನು ಇಂಟರ್ನೆಟ್‌ನಲ್ಲಿ ಕಾಪಾಡುವ ಆನ್‌ಲೈನ್ ಬ್ಯಾಕಪ್‌ಗೆ ಚಂದಾ ಕಟ್ಟಿ ಎಂದಾಗ ಅನುಮಾನ ಬರುತ್ತದೆ, ಅಲ್ವಾ? ಬರಲಿ, ತಪ್ಪಿಲ್ಲ. ಕ್ರ್ಯಾಶ್‌ಪ್ಲಾನ್ ಎಂಬ ಬ್ಯಾಕಪ್ ಸೇವೆ ತನ್ನ ಮನೆಬಳಕೆಯ ಯೋಜನೆಯನ್ನು 2018ರಲ್ಲಿ ಮುಚ್ಚಿತು. ಒನ್‌ಡ್ರೈವ್‌ನಲ್ಲಿ ಮಿತಿಯಿಲ್ಲದ ಜಾಗ ಕೊಡುತ್ತೇವೆಂದಿದ್ದ ಮೈಕ್ರೋಸಾಫ್ಟ್, 2015ರಲ್ಲಿ ಆ ಮಾತು ಹಿಂತೆಗೆದುಕೊಂಡಿತು. ಹಾಗಂತ ಸುಮ್ನೆ ಕೂತರೆ ಹಾರ್ಡ್ ಡಿಸ್ಕ್ ಕೆಡದೆ ನಮಗಾಗಿ ಕಾಯುವುದಿಲ್ಲ. ಅದಕ್ಕೇ, ದುಡ್ಡು ಕಟ್ಟುವ ಮುಂಚೆ ಹೀಗೆ ಪರೀಕ್ಷಿಸಿ.

ಹಂತ 1: ಯಾವುದು ಹೋದರೆ ಮತ್ತೆ ಸಿಗುವುದಿಲ್ಲವೋ ಅದನ್ನು ಮಾತ್ರ ಒಂದು ಫೋಲ್ಡರ್‌ಗೆ ಹಾಕಿ. ಸಿನಿಮಾ ಮತ್ತೆ ಸಿಗುತ್ತದೆ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಸಿಗುವುದಿಲ್ಲ. ಈಗ ಅಳತೆ ನೋಡಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲೇ ಹಿಡಿಸಿದರೆ ಚಂದಾ ಬೇಡವೇ ಬೇಡ. ಆ ಜಾಗದಲ್ಲಿ ನಿಮ್ಮ ಮೇಲ್‌ಗೂ ಪಾಲಿದೆ, ಮರೆಯಬೇಡಿ.

ಹಂತ 2: ಅದು ಬ್ಯಾಕಪ್ಪೋ, ಬರೀ ಸಿಂಕೋ ಕೇಳಿಕೊಳ್ಳಿ. ಸಿಂಕ್ ಎಂದರೆ ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಳಿಸಿದ ಫೈಲನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಚಂದಾ ನಿಂತ ಮೇಲೆ ಎಷ್ಟು ದಿನ ಎಂಬುದು ಷರತ್ತುಗಳ ಪುಟದಲ್ಲಿರುತ್ತದೆ. ಓದಲು ಬೇಜಾರು, ಆದರೂ ಇವೆರಡು ಸಾಲು ಹುಡುಕಿ.

ಹಂತ 3: ಲೆಕ್ಕ ಹಾಕಿ. ನಿಮ್ಮ ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ, 500 ಜಿಬಿ ಮೇಲೇರಲು ಹಗಲೂ ರಾತ್ರಿ ಸೇರಿ ನಾಲ್ಕೂವರೆ ದಿನಕ್ಕಿಂತ ಜಾಸ್ತಿ ಬೇಕು. ಡೌನ್‌ಲೋಡ್ ವೇಗ ನೋಡಿ ಮೋಸಹೋಗಬೇಡಿ.

ಹಂತ 4: ಉಚಿತ ಟ್ರಯಲ್ ಇರುವಾಗಲೇ ರಿಸ್ಟೋರ್ ಮಾಡಿ, ಅಂದರೆ ಅಲ್ಲಿಟ್ಟ ಫೈಲನ್ನು ವಾಪಸ್ ಇಳಿಸಿ ನೋಡಿ. ಎಲ್ಲಕ್ಕಿಂತ ಮುಖ್ಯ ಇದೇ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ನಾನೂ ಬಿಟ್ಟಿದ್ದೆ. ಎರಡು ವರ್ಷ ಚಂದಾ ಕಟ್ಟಿದೆ, ದಿನಾ ಹಸಿರು ಟಿಕ್ ನೋಡಿ ನೆಮ್ಮದಿಯಾಗಿದ್ದೆ. ಡಿಸ್ಕ್ ಕೆಟ್ಟ ದಿನ ಗೊತ್ತಾಯಿತು, ಫೋಟೊಗಳಿದ್ದ ಡ್ರೈವ್‌ಗೆ ಬ್ಯಾಕಪ್ ಆಗಬೇಕಾದವುಗಳ ಪಟ್ಟಿಯಲ್ಲಿ ನಾನು ಟಿಕ್ಕೇ ಹಾಕಿರಲಿಲ್ಲ! ತಪ್ಪು ನನ್ನದೇ, ಆದರೆ ಆ ತಂತ್ರಾಂಶವೂ ಒಂದು ಮಾತು ಹೇಳಲಿಲ್ಲ.

ಹೀಗೆ ಮಾಡಿ. ಒಂದು ಫೋಟೊ, ಒಂದು ದೊಡ್ಡ ವಿಡಿಯೊ, ಕನ್ನಡದಲ್ಲಿ ಹೆಸರಿಟ್ಟ ಒಂದು ಫೈಲ್ ಆರಿಸಿ. ಪೆನ್‌ಡ್ರೈವ್‌ಗೆ ಇವುಗಳ ಪ್ರತಿ ಹಾಕಿಟ್ಟುಕೊಳ್ಳಿ. ಅಪ್‌ಲೋಡ್ ಮುಗಿದ ಮೇಲೆ ಕಂಪ್ಯೂಟರ್‌ನಿಂದ ಅಳಿಸಿ. ಮರುದಿನ ಬೇರೊಂದು ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ವಾಪಸ್ ಇಳಿಸಿ. ತೆರೆದು ನೋಡಿ. ಫೋಟೊ ತೆಗೆದ ತಾರೀಕು, ಫೋಲ್ಡರ್‌ನ ಹೆಸರು ಮೊದಲಿನ ಹಾಗೇ ಇದೆಯಾ? ತೊಡಕು ಬಂದರೆ ಸಹಾಯವಾಣಿಗೆ ಬರೆಯಿರಿ. ಈಗಲೇ ಉತ್ತರ ಕೊಡದವರು ದುಡ್ಡು ಕಟ್ಟಿದ ಮೇಲೆ ಕೊಡುತ್ತಾರೆಂದು ನನಗಂತೂ ನಂಬಿಕೆಯಿಲ್ಲ.

ಹಂತ 5: ಫೈಲ್‌ಗಳನ್ನು ಬೇರೆಯವರು ಓದದ ಹಾಗೆ ಗೂಢಲಿಪಿಗೆ (ಎನ್‌ಕ್ರಿಪ್ಶನ್) ಬದಲಿಸಿ ಬೀಗ ಹಾಕಿಡುತ್ತಾರೆ. ಆ ಬೀಗದ ಕೈ, ಅಂದರೆ ಗುಪ್ತಪದ, ಯಾರ ಹತ್ತಿರ? ಕಂಪನಿಯ ಹತ್ತಿರವಿದ್ದರೆ ಅವರಿಗೂ ನಿಮ್ಮ ಫೈಲ್ ತೆರೆಯಲು ಬರುತ್ತದೆ. ನಿಮ್ಮ ಹತ್ತಿರ ಮಾತ್ರ ಇದ್ದರೆ, ಅದನ್ನು ಮರೆತ ದಿನ ಯಾರೂ ತೆರೆಯಲಾರರು. ಎರಡನೆಯದನ್ನು ಆರಿಸಿದರೆ ಕಾಗದದ ಮೇಲೆ ಬರೆದು ಜೋಪಾನ ಮಾಡಿ.

ಹಂತ 6: ಸೇವೆ ಪಾಸಾಯಿತೇ? ಚಂದಾ ಕಟ್ಟಿ, ಆದರೂ ಒಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇರಲಿ. ಪ್ರತಿ ಹಾಕಿದ ಕೂಡಲೇ ಕೇಬಲ್ ಕಿತ್ತು ಎತ್ತಿಡಿ. ರ್‍ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದುಷ್ಟ ತಂತ್ರಾಂಶ) ಹೊಕ್ಕರೆ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಚಂದಾ ಮುಗಿಯುವ ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ನವೀಕರಿಸುವ ಮುಂಚೆ ನಾಲ್ಕನೇ ಹಂತವನ್ನು ಇನ್ನೊಮ್ಮೆ ಮಾಡಿ.