ಪರದೇಶದಲ್ಲಿದ್ದು ಊರಿನ ಮನೆಗೆ ಇಂಟರ್‌ನೆಟ್ ಹಾಕಿಸುವವರಿಗೆ

ಮಸ್ಕತ್, ಮ್ಯೂನಿಕ್ ಅಥವಾ ಷಿಕಾಗೊದಲ್ಲಿ ಕೆಲಸದಲ್ಲಿದ್ದು, ವಿಜಯಪುರ, ಬಾಗಲಕೋಟೆ ಅಥವಾ ಬೆಳಗಾವಿ ಜಿಲ್ಲೆಯ ಮನೆಯಲ್ಲಿ ವಯಸ್ಸಾದ ಅಪ್ಪ-ಅವ್ವನನ್ನು ಬಿಟ್ಟು ಬಂದವರು ಆ ಮನೆಗೊಂದು ಇಂಟರ್‌ನೆಟ್ ಸಂಪರ್ಕ ಹಾಕಿಸಲು ಹೊರಟರೆ, ಊರಲ್ಲೇ ಇರುವವರಿಗೆ ಕಾಣದ ತೊಡಕುಗಳು ಎದುರಾಗುತ್ತವೆ. 1800ರಿಂದ ಆರಂಭವಾಗುವ ಉಚಿತ ಸಂಖ್ಯೆಗಳಿಗೆ ಹೊರದೇಶದಿಂದ ಕರೆ ಸಾಮಾನ್ಯವಾಗಿ ಹೋಗುವುದಿಲ್ಲ. ಜಾಲತಾಣದಲ್ಲಿ ಅರ್ಜಿ ತುಂಬಿದರೆ ಒಟಿಪಿ ಭಾರತದ ಮೊಬೈಲಿಗೇ ಹೋಗುತ್ತದೆ. ಹಣ ಕಟ್ಟಲು ಕುಳಿತರೆ ವಿದೇಶಿ ಕಾರ್ಡು ಅನೇಕ ಕಡೆ ನಡೆಯುವುದಿಲ್ಲ. ಇಷ್ಟೆಲ್ಲ ದಾಟಿ ತಂತಿ ಎಳೆಯುವವರು ಮನೆ ಬಾಗಿಲಿಗೆ ಬಂದು ನಿಂತಾಗ ಷಿಕಾಗೊದಲ್ಲಿರುವ ಮಗಳಿಗೆ ನಡುರಾತ್ರಿಯಾಗಿರುತ್ತದೆ. ಈ ತೊಡಕುಗಳಲ್ಲಿ ಹೆಚ್ಚಿನವುಗಳಿಗೆ ಮೂಲ ಒಂದೇ: ಎಲ್ಲವನ್ನೂ ದೂರದಿಂದ ತಾವೇ ಹಿಡಿದಿಟ್ಟುಕೊಳ್ಳಬೇಕೆಂಬ ಮಕ್ಕಳ ಹಂಬಲ. ಸಂಪರ್ಕವು ಬಾಗಿಲು ತೆರೆಯುವವರ ಹೆಸರಿನಲ್ಲಿ, ಅವರ ಮೊಬೈಲ್ ಸಂಖ್ಯೆಯಲ್ಲಿ ಇರಬೇಕು. ಹಣ ಕಟ್ಟುವುದು ಮತ್ತು ದೂರಿನ ಬೆನ್ನುಹತ್ತುವುದು ಮಾತ್ರ ನಿಮ್ಮ ಕೆಲಸವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಸಲಹೆಗಳೆಲ್ಲ ಈ ನೆಲೆಯಲ್ಲಿಯೇ ಇವೆ.

ಮೊದಲು ಹೆಸರು ಮತ್ತು ಸಂಖ್ಯೆಯನ್ನು ತೀರ್ಮಾನಿಸಿ. ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿದರೆ ಗುರುತಿನ ದಾಖಲೆಯ ಪರಿಶೀಲನೆಯಿಂದ ಹಿಡಿದು ಯೋಜನೆ ಬದಲಿಸುವುದು, ಮನೆ ಬದಲಾದಾಗ ಸ್ಥಳಾಂತರಿಸುವುದು, ಕೊನೆಗೆ ಸಂಪರ್ಕ ಮುಚ್ಚುವುದರವರೆಗೆ ಪ್ರತಿಯೊಂದಕ್ಕೂ ನಿಮ್ಮ ಭಾರತದ ಸಿಮ್‌ಗೆ ಬರುವ ಒಟಿಪಿ ಬೇಕಾಗುತ್ತದೆ. ಆ ಸಿಮ್ 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ದರೆ ಕಂಪನಿಯು ಅದನ್ನು ನಿಷ್ಕ್ರಿಯಗೊಳಿಸಬಹುದು. ಹಾಗಾದ ದಿನ ಮನೆಯ ಇಂಟರ್‌ನೆಟ್ಟಿನ ಕೀಲಿಕೈಯೇ ಕಳೆದಂತಾಗುತ್ತದೆ. ಆದ್ದರಿಂದ ಅಪ್ಪನ ಅಥವಾ ಅವ್ವನ ಆಧಾರ್, ಅವರದೇ ಮೊಬೈಲ್ ಸಂಖ್ಯೆ ಕೊಡಿ. ಅವರ ಕೈಯಲ್ಲಿರುವುದು ಬಟನ್ ಫೋನಾದರೂ ಅಡ್ಡಿಯಿಲ್ಲ, ಒಟಿಪಿ ಸಂದೇಶ ಅದಕ್ಕೂ ಬರುತ್ತದೆ. ಎರಡನೆಯ ಸಂಖ್ಯೆಯಾಗಿ ನಿಮ್ಮದನ್ನು ಬರೆಸಬೇಡಿ. ಅದೇ ಓಣಿಯಲ್ಲಿರುವ, ಹತ್ತು ನಿಮಿಷದಲ್ಲಿ ಮನೆಗೆ ಬಂದು ನಿಲ್ಲಬಲ್ಲ ಕಾಕಾನದೋ ಮಾಮಾನದೋ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಬರೆಸಿ.

ವಿಳಾಸದ ವಿಷಯದಲ್ಲಿ ನಮ್ಮ ಭಾಗದವರು ಬೇರೆಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಆದರೆ ಜಾಲತಾಣಗಳ ಪಟ್ಟಿಯಲ್ಲಿ ಹಳೆಯ ಹೆಸರೂ ಹೊಸ ಹೆಸರೂ ಬೆರೆತಿರುವುದುಂಟು. ಛತ್ತೀಸಗಢದಲ್ಲಿ ಬಿಜಾಪುರ ಎಂಬ ಜಿಲ್ಲೆಯೇ ಇದೆ, ಬೆಂಗಳೂರಿನ ಹತ್ತಿರದ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣವಿದೆ. ಪಿನ್‌ಕೋಡ್ ತಪ್ಪಿದರೆ ಅರ್ಜಿ ಅಲ್ಲಿಗೆ ಹೋಗಿ ಕೂರುತ್ತದೆ, ಮತ್ತು ಅದನ್ನು ಹುಡುಕಿ ಹಿಂದಕ್ಕೆ ತರಿಸುವ ಕೆಲಸ ಹೊರದೇಶದಿಂದ ಬಹಳ ಕಷ್ಟ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಮನೆಪತ್ರಗಳಲ್ಲಿ ಜಿಲ್ಲೆಯ ಹೆಸರು ಬಿಜಾಪುರ ಎಂದೇ ಇರುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ ಸೆಕ್ಟರ್ ಮತ್ತು ಪ್ಲಾಟ್ ಸಂಖ್ಯೆ ಬರೆದರೆ ಮನೆ ತಾನಾಗಿ ಸಿಗುತ್ತದೆ. ಹಳ್ಳಿಯ ಮನೆಗೆ ಅಂಥ ಅನುಕೂಲವಿಲ್ಲ. ಅಗಸಿ, ಹನುಮಪ್ಪನ ಗುಡಿ, ಸೊಸೈಟಿ ಕಟ್ಟಡ ಇವುಗಳಲ್ಲಿ ಯಾವುದರ ಹತ್ತಿರ, ಯಾವ ಮನೆತನದವರ ಮನೆ ಎಂಬುದನ್ನು ವಿಳಾಸದಲ್ಲಿಯೇ ಸೇರಿಸಿ. ಯಾರಾದರೂ ಮನೆಯ ಅಂಗಳದಲ್ಲಿ ನಿಂತು ವಾಟ್ಸಾಪಿನಲ್ಲಿ ಕಳಿಸಿದ ಲೊಕೇಶನ್ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ.

ಯಾರ ಸಂಪರ್ಕ ತೆಗೆದುಕೊಳ್ಳಬೇಕು ಎಂಬುದನ್ನು ಜಾಹೀರಾತು ನೋಡಿ ನಿರ್ಧರಿಸಬಾರದು. ನಿಮ್ಮ ಓಣಿಯಲ್ಲಿ ಈಗಾಗಲೇ ಯಾರ ಫೈಬರ್ (ಬೆಳಕಿನ ಮೂಲಕ ಇಂಟರ್‌ನೆಟ್ ಒಯ್ಯುವ ಗಾಜಿನ ತಂತಿ) ಬಂದಿದೆ, ಅದು ಕೆಟ್ಟಾಗ ಎಷ್ಟು ದಿನಕ್ಕೆ ಸರಿಯಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಕೇಳಿಸಿ. ಉಳಿದ ವಿವರವೆಲ್ಲ ಆಮೇಲಿನದು. ಬಿಎಸ್‌ಎನ್‌ಎಲ್ ಫೈಬರನ್ನು ಅನೇಕ ಊರುಗಳಲ್ಲಿ ಸ್ಥಳೀಯ ಪಾಲುದಾರರು ನಡೆಸುತ್ತಾರೆ. ಆದ್ದರಿಂದ ಕಂಪನಿಯ ಹೆಸರಿಗಿಂತ ಆ ಪಾಲುದಾರ ಯಾರು, ಅವರ ಬಳಿ ತಂತಿ ಬೆಸೆಯುವ ಯಂತ್ರವೂ ಅದನ್ನು ಬಲ್ಲ ಹುಡುಗರೂ ಇದ್ದಾರೆಯೇ ಎಂಬುದು ದೊಡ್ಡ ಮಾತು. ಜಿಯೋ, ಏರ್‌ಟೆಲ್‌ನಂಥ ಕಂಪನಿಗಳು ಫೈಬರ್ ಇಲ್ಲದ ಕಡೆ 5ಜಿ ಗೋಪುರದಿಂದ ಸಂಕೇತ ಹಿಡಿಯುವ ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಕೂರಿಸುತ್ತವೆ. ತಂತಿ ಎಳೆಯುವ ಕೆಲಸವಿಲ್ಲದ್ದರಿಂದ ಅದು ಬೇಗ ಬರುತ್ತದೆ, ಆದರೆ ಗೋಪುರ ದೂರವಿದ್ದರೆ ಅಥವಾ ಸಂಜೆ ಊರೆಲ್ಲ ಮೊಬೈಲು ಹಿಡಿದು ಕುಳಿತರೆ ವೇಗ ಇಳಿಯುತ್ತದೆ. ಸಣ್ಣ ಹಳ್ಳಿಗಳವರು ಒಮ್ಮೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುವುದು ಒಳ್ಳೆಯದು. ಪಂಚಾಯಿತಿ ಕಟ್ಟಡಗಳಿಗೆ ಭಾರತ್‌ನೆಟ್ ಯೋಜನೆಯ ಫೈಬರ್ ಎಳೆಯಲಾಗಿದ್ದು, ಅಲ್ಲಿಂದ ಮನೆಗಳಿಗೆ ಕೊಡುವ ವ್ಯವಸ್ಥೆ ಕೆಲವೆಡೆ ಇದೆ.

ಊರಿನ ಕೇಬಲ್‌ನವರಿಂದ ಪಡೆಯುವುದಾದರೆ ತಪ್ಪದೆ ಒಂದು ಪ್ರಶ್ನೆ ಕೇಳಿ: ಅವರ ಆಫೀಸಿನಿಂದ ನಮ್ಮ ಮನೆಯವರೆಗಿನ ದಾರಿಯಲ್ಲಿ ಕರೆಂಟ್ ಬೇಕಾಗುವ ಪೆಟ್ಟಿಗೆ ಎಲ್ಲಾದರೂ ಇದೆಯೇ? ಜಿಪಿಒಎನ್ ಎಂದು ಕರೆಯುವ ಫೈಬರ್ ವ್ಯವಸ್ಥೆಯಲ್ಲಿ ಒಂದೇ ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುವ ಕವಲುಪೆಟ್ಟಿಗೆಗೆ ವಿದ್ಯುತ್ ಬೇಡವೇ ಬೇಡ. ಹಾಗಾಗಿ ಓಣಿಯಲ್ಲಿ ಕರೆಂಟ್ ಹೋದರೂ, ಆಫೀಸಿನಲ್ಲಿ ಬ್ಯಾಟರಿ ಮತ್ತು ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಂಪರ್ಕ ನಿಲ್ಲುವುದಿಲ್ಲ. ಸಂಪರ್ಕ ಹಂಚುವ ಸ್ವಿಚ್ ಎಂಬ ಪೆಟ್ಟಿಗೆಯನ್ನು ಕಂಬಕ್ಕೆ ಕಟ್ಟಿ, ಪಕ್ಕದ ಮನೆಯಿಂದ ಅದಕ್ಕೆ ಕರೆಂಟ್ ಪಡೆದು, ಅಲ್ಲಿಂದ ಮುಂದೆ ತಾಮ್ರದ ತಂತಿ ಎಳೆದಿದ್ದರೆ ಆ ಮನೆಯ ಕರೆಂಟ್ ಹೋದಾಗಲೆಲ್ಲ ನಿಮ್ಮ ಮನೆಯ ಇಂಟರ್‌ನೆಟ್ಟೂ ಹೋಗುತ್ತದೆ. ಹೆಸ್ಕಾಂ ಸರಬರಾಜಿರುವ ನಮ್ಮ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಬೇಸಿಗೆಯ ವಿದ್ಯುತ್ ಕಡಿತವನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೇಗದ ಬಗ್ಗೆ ಹೆಚ್ಚು ಚಿಂತೆ ಬೇಡ. ಇಬ್ಬರು ಹಿರಿಯರು ವಿಡಿಯೊ ಕರೆ ಮಾಡಿ, ಟಿವಿಯಲ್ಲಿ ಪ್ರವಚನವನ್ನೋ ಧಾರಾವಾಹಿಯನ್ನೋ ನೋಡುವ ಮನೆಗೆ 30 ಅಥವಾ 40 ಎಂಬಿಪಿಎಸ್‌ನ ಯೋಜನೆ ಧಾರಾಳವಾಗಿ ಸಾಕು.

ಅಳವಡಿಸುವ ದಿನವನ್ನು ನಿಮ್ಮ ಅನುಕೂಲಕ್ಕಲ್ಲ, ಕಾಕಾನ ಅನುಕೂಲಕ್ಕೆ ನೋಡಿ ಗೊತ್ತುಮಾಡಿ. ಮಸ್ಕತ್, ದುಬೈಗಳಿಗೆ ಒಂದೂವರೆ ತಾಸಿನ ಅಂತರವಷ್ಟೇ ಇರುವುದರಿಂದ ಅಲ್ಲಿನವರು ಹೇಗೋ ಫೋನಿನಲ್ಲಿ ಜೊತೆಗಿರಬಹುದು. ಜರ್ಮನಿಗೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು. ಊರಿನಲ್ಲಿ ಬೆಳಗಿನ ಹತ್ತಾದಾಗ ಅಲ್ಲಿ ಇನ್ನೂ ನಸುಕು. ಆದ್ದರಿಂದ ಹೇಳಬೇಕಾದದ್ದನ್ನೆಲ್ಲ ಹಿಂದಿನ ದಿನವೇ ಕಾಗದದ ಮೇಲೆ ಬರೆಸಿ ಪಡಸಾಲೆಯ ಗೋಡೆಗೆ ಅಂಟಿಸಿಡಿ: ಮನೆಯೊಳಗಿನ ವೈಫೈ ಪೆಟ್ಟಿಗೆ (ರೂಟರ್) ಎಲ್ಲಿ ಕೂರಬೇಕು, ತಂತಿ ಯಾವ ಕಡೆಯಿಂದ ಒಳಗೆ ಬರಬೇಕು, ಗೋಡೆಗೆ ಎಲ್ಲಿ ತೂತು ಹಾಕಬಾರದು. ದೇವರ ಮನೆಯ ಗೋಡೆಗೆ ಡ್ರಿಲ್ ಇಟ್ಟ ಮೇಲೆ ಅವ್ವನನ್ನು ಸಮಾಧಾನಪಡಿಸುವುದು ಫೋನಿನಲ್ಲಿ ಆಗದ ಕೆಲಸ.

ಪೆಟ್ಟಿಗೆಯ ಜಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಣ ಕೊಟ್ಟೂ ನೆಮ್ಮದಿ ಸಿಗದಿರುವುದಕ್ಕೆ ಬಹಳ ಸಲ ಇದೇ ಕಾರಣ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಗೋಡೆಗಳು ಕಲ್ಲು ಮಣ್ಣಿನವು, ಬಹಳ ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪಾಗಿಡುವ ಆ ಗೋಡೆಗಳೇ ವೈಫೈಯನ್ನೂ ತಡೆಯುತ್ತವೆ. ಬಂದವರು ತಮಗೆ ಸುಲಭವೆಂದು ಬಾಗಿಲ ಪಕ್ಕದಲ್ಲೇ ಪೆಟ್ಟಿಗೆ ಕೂರಿಸಿ ಹೋದರೆ ನಡುಮನೆಯಲ್ಲಿ ಸಂಕೇತ ಅರ್ಧಕ್ಕಿಳಿಯುತ್ತದೆ, ಅಡುಗೆಮನೆಯಲ್ಲಿ ಇರುವುದೇ ಇಲ್ಲ. ಅಪ್ಪ-ಅವ್ವ ದಿನದ ಹೆಚ್ಚು ಹೊತ್ತು ಎಲ್ಲಿ ಕೂರುತ್ತಾರೋ ಆ ಕೋಣೆಯಲ್ಲಿ, ಎದೆಯೆತ್ತರಕ್ಕೆ, ತೆರೆದ ಜಾಗದಲ್ಲಿ ಪೆಟ್ಟಿಗೆ ಇರಲಿ. ಗೋದ್ರೇಜ್ ಕಪಾಟಿನ ಹಿಂದೆ, ಫ್ರಿಜ್ಜಿನ ಪಕ್ಕ, ಗೂಡಿನ ಒಳಗೆ ಬೇಡ. ಪೆಟ್ಟಿಗೆಯಿಂದ ಬರುವ ಎರಡು ತರಂಗಗಳಲ್ಲಿ 5 ಗಿಗಾಹರ್ಟ್ಸ್ ವೇಗದ್ದಾದರೂ ದಪ್ಪ ಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ, 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಮುಟ್ಟುತ್ತದೆ. ಅವ್ವನ ಫೋನನ್ನು ಎರಡನೆಯದಕ್ಕೆ ಜೋಡಿಸಿಡುವುದು ಲೇಸು. ಮನೆ ದೊಡ್ಡದಿದ್ದರೆ ಒಳಗಿನ ಕೋಣೆಯವರೆಗೆ ಲ್ಯಾನ್ ತಂತಿ ಎಳೆಸಿ ಅಲ್ಲಿ ಇನ್ನೊಂದು ರೂಟರ್ ಇಡಿಸಿ.

ಅಳವಡಿಸಿದವರು ಹೊರಡುವ ಮುನ್ನ ಫೈಬರಿನ ಬೆಳಕಿನ ಬಲವನ್ನು ಅಳೆದು ತೋರಿಸುವಂತೆ ಕೇಳಿಸಿ. ಅದು ಡಿಬಿಎಂ ಎಂಬ ಅಳತೆಯಲ್ಲಿ ಋಣ ಸಂಖ್ಯೆಯಾಗಿ ಬರುತ್ತದೆ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ ಎಂದರ್ಥ. ಮೈನಸ್ 27ರ ಹತ್ತಿರವಿದ್ದರೆ ಎಲ್ಲೋ ಬೆಸುಗೆ ಸರಿಯಿಲ್ಲ ಅಥವಾ ತಂತಿ ಮಡಚಿದೆ, ಇಂದು ನಡೆದರೂ ಮಳೆಗಾಲದಲ್ಲಿ ಕೈಕೊಡುತ್ತದೆ. ಆ ಸಂಖ್ಯೆಯ ಫೋಟೊ, ಪೆಟ್ಟಿಗೆಯ ಹಿಂಬದಿಯ ಚೀಟಿಯ ಫೋಟೊ, ಗ್ರಾಹಕ ಸಂಖ್ಯೆ ಮತ್ತು ಬಂದವರ ಮೊಬೈಲ್ ಸಂಖ್ಯೆ ಈ ನಾಲ್ಕನ್ನೂ ಕಾಕಾ ಅಂದೇ ನಿಮಗೆ ಕಳಿಸಲಿ. ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟಿನದು. ಮನೆಯಲ್ಲಿ ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಒಂದನ್ನು ಕೊಡಿಸಿ. ಮುಂಗಾರಿನ ಮುಂಚಿನ ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವಂತೆ ಹೇಳಿಡಿ, ಏಕೆಂದರೆ ಪೆಟ್ಟಿಗೆ ಸುಡುವುದು ಹೆಚ್ಚಾಗಿ ಕರೆಂಟಿನ ದಾರಿಯಿಂದ ಬಂದ ಹೊಡೆತಕ್ಕೆ. ಬೀದಿ ದಾಟುವ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಿಸಿ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಎತ್ತರಕ್ಕೆ ಹೇರಿದ ಟ್ರೇಲರುಗಳು ಜೋತುಬಿದ್ದ ತಂತಿಗಳನ್ನು ಹರಿದುಕೊಂಡೇ ಹೋಗುತ್ತವೆ.

ಹಣ ಕಟ್ಟುವ ದಾರಿಯನ್ನು ಮೊದಲೇ ಸರಿಮಾಡಿಕೊಳ್ಳಬೇಕು. ಹೊರದೇಶದಲ್ಲಿ ನೆಲೆಸಿದವರು ತಮ್ಮ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದಲ್ಲಿನ ಹಣಕ್ಕಾಗಿ ಇಡುವ ರೂಪಾಯಿ ಖಾತೆ) ಬದಲಿಸಿಕೊಳ್ಳಬೇಕೆಂಬುದು ನಿಯಮ, ಮತ್ತು ಬಿಲ್ ಕಟ್ಟಲು ಆ ಖಾತೆಯೇ ಸರಳ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಯುಎಇ, ಒಮಾನ್, ಕತಾರ್, ಸೌದಿ ಅರೇಬಿಯಾ, ಹಾಂಕಾಂಗ್‌ಗಳಲ್ಲಿ ಇರುವವರು ಅಲ್ಲಿನ ಮೊಬೈಲ್ ಸಂಖ್ಯೆಯಿಂದಲೇ ಹೊರದೇಶದ ಗಳಿಕೆ ಇಡುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯ ಮೇಲೆ ಯುಪಿಐ ಬಳಸಲು 2023ರ ಜನವರಿಯಲ್ಲಿ ಅವಕಾಶ ಕೊಡಲಾಗಿದೆ. ನಿಮ್ಮ ಬ್ಯಾಂಕು ಇದನ್ನು ನಡೆಸುತ್ತದೆಯೇ ಎಂದು ಕೇಳಿಕೊಳ್ಳಿ. ಜಾಹೀರಾತಿನ ದರದ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ಆರು ತಿಂಗಳ ಅಥವಾ ವರ್ಷದ ಹಣವನ್ನು ಒಮ್ಮೆಗೇ ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆಯೇ ಕಟ್ಟಿ ಸೇವೆ ನೋಡಿ. ಮುಂಗಡ ಕೊಟ್ಟವರ ದೂರಿಗೆ ಆತುರ ಕಡಿಮೆ.

ಸಂಪರ್ಕ ನಿಂತುಹೋದ ದಿನ ಮೊದಲು ಪೆಟ್ಟಿಗೆಯ ದೀಪಗಳನ್ನು ಕೇಳಿ. 'ಕೆಂಪ ಲೈಟ್ ಮಿಣಮಿಣ ಅಂತೈತಿ' ಎಂದು ಅವ್ವ ಹೇಳಿದರೆ, ಅದು ಎಲ್ಒಎಸ್ ಎಂದು ಬರೆದ ದೀಪವಾಗಿದ್ದರೆ, ಬೆಳಕು ಮನೆಗೆ ತಲುಪುತ್ತಿಲ್ಲ, ತಂತಿ ಎಲ್ಲೋ ಹರಿದಿದೆ ಅಥವಾ ಕಳಚಿದೆ ಎಂದರ್ಥ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ, ನೇರವಾಗಿ ದೂರು ಕೊಡಿಸಿ. ಬೆಳಕು ತಲುಪುತ್ತಿರುವುದನ್ನು ತೋರಿಸುವ ಪಿಒಎನ್ ದೀಪ ಹಸಿರಾಗಿ ನಿಂತಿದ್ದೂ ಇಂಟರ್‌ನೆಟ್ ಇಲ್ಲದಿದ್ದರೆ ಹಣ ಮುಗಿದಿರಬಹುದು ಅಥವಾ ಕಂಪನಿಯ ಕಡೆ ತೊಂದರೆ ಇರಬಹುದು. ಯಾವ ದೀಪವೂ ಇಲ್ಲದಿದ್ದರೆ ಅಡಾಪ್ಟರ್ ನೋಡಿಸಿ.

ದೂರನ್ನು ಬರಿಯ ಮಾತಿನಲ್ಲಿ ಬಿಡಬೇಡಿ. ಲೈನ್‌ಮನ್‌ಗೆ 'ತಮ್ಮಾ, ಒಂದೀಟು ಬಂದು ನೋಡಪ್ಪಾ' ಎಂದು ಅಪ್ಪ ಹೇಳುವುದು ಬೇಕೇ ಬೇಕು, ಎಷ್ಟೋ ಸಲ ಕೆಲಸ ಆಗುವುದೂ ಅದರಿಂದಲೇ. ಆದರೆ ಜೊತೆಗೆ ಕಂಪನಿಯಲ್ಲಿ ದಾಖಲಾದ ದೂರು ಸಂಖ್ಯೆಯೂ ನಿಮ್ಮ ಬಳಿ ಇರಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ದೂರು ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಶುಲ್ಕವಿಲ್ಲದೆ ಹೋಗಬಹುದು, ಮತ್ತು ಅದು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಮೇಲ್ಮನವಿಯನ್ನು ಇಮೇಲಿನಲ್ಲೇ ಕಳಿಸಬಹುದಾದ್ದರಿಂದ ಇದು ಹೊರದೇಶದಲ್ಲಿರುವವರಿಗೆ ಹೇಳಿಮಾಡಿಸಿದ ಕೆಲಸ. ಟ್ರಾಯ್ ಸ್ವತಃ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಮುಂದಿನ ಹಂತ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಜಾಲತಾಣದಲ್ಲಿ ದೂರಸಂಪರ್ಕ ಇಲಾಖೆಗೆ ಬರೆಯುವುದು.

ಇಂಟರ್‌ನೆಟ್ ಬಂದ ಮನೆಗೆ ಮೋಸದ ಕರೆಗಳೂ ಬರುತ್ತವೆ. ದಾಖಲೆ ಅವಧಿ ಮುಗಿದಿದೆ, ಸಂಪರ್ಕ ಕಡಿಯುತ್ತೇವೆ ಎಂದು ಹೆದರಿಸಿ ಒಟಿಪಿ ಕೇಳುವವರಿಗೆ ಏನನ್ನೂ ಹೇಳಬಾರದು, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬಾರದು ಎಂಬುದನ್ನು ಅಪ್ಪ-ಅವ್ವ ಇಬ್ಬರಿಗೂ ಬೇರೆಬೇರೆಯಾಗಿ, ನಿಧಾನವಾಗಿ ತಿಳಿಸಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಂತೆ ಆ ಸಂಖ್ಯೆಯನ್ನೂ ಗೋಡೆಯ ಕಾಗದದಲ್ಲಿ ದೊಡ್ಡದಾಗಿ ಬರೆಸಿ.

ಅಪ್ಪ-ಅವ್ವ ಕೆಲವು ತಿಂಗಳು ನಿಮ್ಮಲ್ಲಿಗೆ ಬಂದು ಇರುವುದಾದರೆ ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಆಗುತ್ತದೆಯೇ ಎಂದು ಟಿಕೆಟ್ ತೆಗೆಸುವ ಹೊತ್ತಿಗೇ ಬರವಣಿಗೆಯಲ್ಲಿ ಕೇಳಿ. ಶಾಶ್ವತವಾಗಿ ಮುಚ್ಚುವುದಾದರೆ ಅರ್ಜಿಯ ಸಂಖ್ಯೆ ಪಡೆದು, ಪೆಟ್ಟಿಗೆ ಮತ್ತು ಅಡಾಪ್ಟರನ್ನು ಕಾಕಾನ ಕೈಯಿಂದಲೇ ಹಿಂದಿರುಗಿಸಿ, ಅದಕ್ಕೆ ರಸೀದಿ ಬರೆಸಿಕೊಳ್ಳಿ. ಠೇವಣಿಯ ಹಣ ಮರಳಿ ಬರಲು ಆ ರಸೀದಿಯೇ ಬೇಕಾಗುತ್ತದೆ.