ಟಾನ್ಸಿಲ್ ಮೊದಲು, ರಕ್ತ ಆಮೇಲೆ

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ನಾನು ಟಿಎಫ್‌ಎಚ್ ಕೋಶಗಳನ್ನು, ಅಂದರೆ ಬಿ ಕೋಶಗಳಿಗೆ ಸಹಾಯ ಮಾಡುವ ಒಂದು ಬಗೆಯ ಟಿ ಕೋಶಗಳನ್ನು, ಎಣಿಸುತ್ತೇನೆ. ಪ್ರತಿಕಾಯ ತಯಾರಿಸುವುದು ಬಿ ಕೋಶ, ಸರಿ. ಆದರೆ ಯಾವ ಬಿ ಕೋಶ ಉಳಿಯಬೇಕು ಅಂತ ತೀರ್ಮಾನಿಸುವುದರಲ್ಲಿ ಈ ಟಿ ಕೋಶಗಳದ್ದೇ ಮುಖ್ಯ ಪಾತ್ರ. ಮೈಮೇಲೆ ಸಿಡಿ40 ಲಿಗ್ಯಾಂಡ್ ಎಂಬ ಪ್ರೋಟೀನ್ ಹೊತ್ತು, ಐಎಲ್-21 ಎಂಬ ಸಂಕೇತದ ಪ್ರೋಟೀನ್ ಬಿಟ್ಟು, ಬಿ ಕೋಶಗಳನ್ನು ಬೆಳೆಸುತ್ತವೆ. ಆ ಲಿಗ್ಯಾಂಡ್‌ನ ಜೀನ್ ಕೆಟ್ಟಿರುವ ಮಕ್ಕಳಲ್ಲಿ ಐಜಿಎಂ ಬಗೆಯ ಪ್ರತಿಕಾಯ ಇರುತ್ತದೆ, ಐಜಿಜಿ ಬಗೆಯದು ತೀರಾ ಕಡಿಮೆ. ಪದೇ ಪದೇ ಸೋಂಕು. ದೇಹ ತನ್ನ ಮೇಲೇ ತಿರುಗಿಬೀಳುವ ಲೂಪಸ್ ರೋಗದಲ್ಲಿ ಇದಕ್ಕೆ ಉಲ್ಟಾ: ಸಹಾಯ ಜಾಸ್ತಿಯಾಗಿ ನಮ್ಮದೇ ಡಿಎನ್‌ಎ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ.

ಹೊಸಬರು ಸುಲಭ ಅಂತ ರಕ್ತದಿಂದ ಶುರು ಮಾಡುತ್ತಾರೆ. ನಾನು ಟಾನ್ಸಿಲ್ ಮೊದಲು ಅಂತೀನಿ. 2000ದ ಸುಮಾರಿಗೆ ಈ ಕೋಶಗಳನ್ನು ಗುರುತಿಸಿದ್ದೂ ಮನುಷ್ಯರ ಟಾನ್ಸಿಲ್‌ನಲ್ಲೇ.

ಎಥಿಕ್ಸ್ ಕಮಿಟಿಯ ಒಪ್ಪಿಗೆ, ತಂದೆತಾಯಿಯ ಸಹಿ ಎಲ್ಲ ಆದಮೇಲೆ ಇಎನ್‌ಟಿ ಡಾಕ್ಟರು ತೆಗೆದ ಟಾನ್ಸಿಲ್ ಐಸ್ ಮೇಲೆ ಬರುತ್ತದೆ. ನಾನು ಬೆಳಗಿನ ಮೊದಲ ಕೇಸನ್ನೇ ಕೇಳುತ್ತೇನೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದರೂ ಕೆಲಸಕ್ಕೆ ಹಗಲು ಉಳಿಯುತ್ತದೆ, ಅಲ್ವಾ?

ಬ್ಲೇಡಿನಿಂದ ಸಣ್ಣಗೆ ಹೆಚ್ಚಿ, ಸಿರಿಂಜಿನ ಪ್ಲಂಜರ್‌ನ ಹಿಂಬದಿಯಿಂದ 70 ಮೈಕ್ರಾನ್ ಜಾಲರಿಯ ಮೇಲೆ ಮೆಲ್ಲಗೆ ಉಜ್ಜಬೇಕು. ತೆಳು ಮಜ್ಜಿಗೆಯಂಥ ದ್ರವ ಕೆಳಗಿಳಿಯುತ್ತದೆ. ಜೋರು ಮಾಡಿದರೆ ಕೋಶ ಸತ್ತು, ಡಿಎನ್‌ಎ ಹೊರಬಂದು, ಎಲ್ಲ ಗಂಟುಗಂಟಾಗುತ್ತದೆ.

ಕೋಶದ ಗುರುತಿನ ಪ್ರೋಟೀನ್‌ಗಳಿಗೆ ಹೊಳೆಯುವ ಬಣ್ಣ ಹಾಕುವಾಗ, ಕೋಶದ ಮೈಮೇಲಿನ ಸಿಎಕ್ಸ್‌ಸಿಆರ್5 ಒಂದರ ಬಣ್ಣವನ್ನು ಮೊದಲು, 37 ಡಿಗ್ರಿಯಲ್ಲಿ ಹಾಕುತ್ತೇನೆ. ಐಸ್ ಮೇಲಾದರೆ ಮಂಕಾಗಿ ಬರುತ್ತದೆ. ಉಳಿದವು ಆಮೇಲೆ.

ಬಣ್ಣ ನೋಡಿ ಕೋಶಗಳನ್ನು ಒಂದೊಂದಾಗಿ ಎಣಿಸುವ ಯಂತ್ರವಾದ ಫ್ಲೋ ಸೈಟೋಮೀಟರ್‌ನ ಪರದೆಯಲ್ಲಿ ಸಿಡಿ4 ಗುರುತಿರುವ ಟಿ ಕೋಶಗಳನ್ನಷ್ಟೇ ಆರಿಸಿ ನೋಡಿ. ಸಿಎಕ್ಸ್‌ಸಿಆರ್5, ಪಿಡಿ-1 ಎರಡೂ ಗುರುತು ತುಂಬಾ ಇರುವ ಗುಂಪು, ಅಂದರೆ ಟಿಎಫ್‌ಎಚ್, ಬಲಗಡೆ ಮೇಲ್ಮೂಲೆಯಲ್ಲಿ ಬೇರೆಯಾಗಿಯೇ ನಿಂತಿರುತ್ತದೆ. ಕೋಶದ ಒಳಗಿರುವ ಬಿಸಿಎಲ್6 ಪ್ರೋಟೀನ್ ಕೂಡ ಚೆನ್ನಾಗಿ ಕಾಣುತ್ತದೆ. ರಕ್ತದಲ್ಲಿ ಹಾಗಲ್ಲ. ಬಿಸಿಎಲ್6 ಬಹಳ ಕಡಿಮೆ, ಪಿಡಿ-1 ಕಡಿಮೆಯಿಂದ ಹೆಚ್ಚಿಗೆ ಉದ್ದಕ್ಕೆ ಹರಡಿಕೊಂಡಿರುತ್ತದೆ. ಪಿಡಿ-1 ಇದೆ, ಇಲ್ಲ ಅಂತ ಬೇರ್ಪಡಿಸುವ ಗೆರೆ ಎಲ್ಲಿ ಹಾಕುವುದು? ಪಿಡಿ-1 ಒಂದನ್ನು ಬಿಟ್ಟು ಉಳಿದೆಲ್ಲ ಬಣ್ಣ ಹಾಕಿದ ಟ್ಯೂಬ್ ಪ್ರತಿ ಸಲವೂ ಪಕ್ಕದಲ್ಲಿರಲೇಬೇಕು. ಸುಮ್ನೆ ಕಣ್ಣಂದಾಜಿನಲ್ಲಿ ಹಾಕಿದ ಗೆರೆಯನ್ನು ನಾನು ಒಪ್ಪುವುದಿಲ್ಲ.

ತಡೆಯುವ ಟಿ ಕೋಶಗಳ ಗುರುತಾದ ಫಾಕ್ಸ್‌ಪಿ3 ಬಿಡಬೇಡಿ. ಸಿಎಕ್ಸ್‌ಸಿಆರ್5 ಇರುವ ಕೋಶಗಳಲ್ಲೇ ಪ್ರತಿಕಾಯವನ್ನು ಹದ್ದುಬಸ್ತಿನಲ್ಲಿಡುವ ಟಿಎಫ್‌ಆರ್ ಕೋಶಗಳೂ ಸೇರಿಕೊಂಡಿರುತ್ತವೆ. 2011ರಲ್ಲಿ ಇವುಗಳ ವಿವರ ಹೊರಬಂತು. ಲೂಪಸ್ ರೋಗಿಯ ರಕ್ತದಲ್ಲಿ ಇವನ್ನು ಬೇರೆ ಮಾಡದಿದ್ದರೆ ಕುಮ್ಮಕ್ಕು ಕೊಡುವವೂ ತಡೆಯುವವೂ ಒಂದೇ ಲೆಕ್ಕಕ್ಕೆ ಬಿದ್ದುಬಿಡುತ್ತವೆ. ಟಿಎಫ್‌ಎಚ್, ಟಿಎಫ್‌ಆರ್ ಎರಡರ ಅನುಪಾತ ಬರೆಯಿರಿ. ರೋಗಿ ಸ್ಟೀರಾಯ್ಡ್ ತಗೊಳ್ತಿದ್ದಾರಾ ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆದಿಡಿ, ಏಕೆಂದರೆ ಆ ಮಾತ್ರೆಯಿಂದಲೂ ಸಂಖ್ಯೆ ಬದಲಾಗುತ್ತದೆ.