ನೂರಾರು ಫೈಲ್‌ಗಳಿಗೆ ಒಂದೇ ಏಟಿಗೆ ಹೊಸ ಹೆಸರು

ಕ್ಯಾಮೆರಾದಿಂದ ಇಳಿಸಿದ ಫೋಟೊಗಳ ಹೆಸರು ನೋಡಿರುತ್ತೀರಿ. ಮೊದಲು ಐಎಂಜಿ, ಆಮೇಲೆ ನಾಲ್ಕು ಅಂಕಿ. ಹತ್ತು ಫೋಟೊ ಇದ್ದರೆ ಒಂದೊಂದರ ಮೇಲೂ ಎಫ್2 ಒತ್ತಿ ಹೆಸರು ಬದಲಿಸಬಹುದು. 240 ಇದ್ದರೆ?

ಎಲ್ಲಕ್ಕೂ ಒಂದೇ ಹೆಸರು, ಪಕ್ಕದಲ್ಲೊಂದು ನಂಬರ್ ಸಾಕು ಅಂದರೆ ವಿಂಡೋಸ್‌ನಲ್ಲೇ ದಾರಿ ಇದೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಎಫ್2 ಒತ್ತಿ, ಹೆಸರು ಕೊಟ್ಟು ಎಂಟರ್ ಹೊಡೆಯಿರಿ. ಬ್ರಾಕೆಟ್‌ನಲ್ಲಿ 1, 2, 3 ತಾನೇ ಹಾಕಿಕೊಳ್ಳುತ್ತದೆ. ಮ್ಯಾಕ್‌ನಲ್ಲೂ 2014ರಿಂದ ಇಂಥದ್ದು ಇದೆ. ತಲೆನೋವು ಶುರುವಾಗುವುದು ಪ್ರತಿ ಫೈಲಿಗೂ ಬೇರೆ ಬೇರೆ ಹೆಸರು ಬೇಕಾದಾಗ. ಉದಾಹರಣೆಗೆ, ಗುರುತಿನ ಚೀಟಿಗೆ ತೆಗೆದ ಫೋಟೊಗಳಿಗೆ ಅವರವರ ಹೆಸರೇ ಇಡಬೇಕು. ಅದಕ್ಕೆ ನಾವೇ ಒಂದು ಪುಟ್ಟ ಟೂಲ್ ಕಟ್ಟಿಕೊಳ್ಳೋಣ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಎಕ್ಸೆಲ್ ಅಥವಾ ಲಿಬ್ರೆಆಫೀಸ್, ಜೊತೆಗೆ ನೋಟ್‌ಪ್ಯಾಡ್ ಇದ್ದರಾಯಿತು. ಕಮಾಂಡ್‌ಗಳನ್ನು ಇಲ್ಲಿ ಫೋನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಇಡೀ ಫೋಲ್ಡರ್‌ನ ಒಂದು ಕಾಪಿ ಮಾಡಿಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಕಾಪಿಯ ಮೇಲೆ.

ಕಾಪಿ ಫೋಲ್ಡರ್ ತೆರೆದು, ಮೇಲಿನ ಅಡ್ರೆಸ್ ಬಾರ್‌ನಲ್ಲಿ ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಈ ಎರಡು ಸಾಲು:

ಸಿಎಚ್‌ಸಿಪಿ 65001
ಡಿಐಆರ್ /ಬಿ *.ಜೆಪಿಜಿ > ಪಟ್ಟಿ.ಟಿಎಕ್ಸ್‌ಟಿ

ಮೊದಲ ಸಾಲು ಯಾಕೆ ಅಂದರೆ, ಅದಿಲ್ಲದೆ ಕನ್ನಡದಲ್ಲಿರುವ ಹೆಸರುಗಳು ಪ್ರಶ್ನೆಚಿಹ್ನೆಗಳಾಗಿ ಬಿಡುತ್ತವೆ. ಎರಡನೆಯದು ಫೋಟೊಗಳ ಹೆಸರನ್ನಷ್ಟೇ ಒಂದು ಫೈಲಿಗೆ ಬರೆದಿಡುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಪೂರ್ತಿ ಕಾಪಿ ಮಾಡಿ, ಶೀಟ್‌ನ ಎ ಕಾಲಂನಲ್ಲಿ ಪೇಸ್ಟ್ ಮಾಡಿ. ಬಿ ಕಾಲಂನಲ್ಲಿ ಹೊಸ ಹೆಸರುಗಳು, ಅದೇ ಕ್ರಮದಲ್ಲಿ.

ನಾನು ಎಡವಿದ್ದು ಇಲ್ಲೇ. ಜನರ ಹೆಸರಿನ ಪಟ್ಟಿಯ ಕ್ರಮದಲ್ಲೇ ಫೋಟೊ ತೆಗೆದಿದ್ದೆ. ಆದರೆ ಮಧ್ಯದಲ್ಲಿ ಒಬ್ಬರು ಕಣ್ಣು ಮುಚ್ಚಿದ್ದರು ಅಂತ ಇನ್ನೊಮ್ಮೆ ಕ್ಲಿಕ್ಕಿಸಿದ್ದು ಮರೆತೇ ಹೋಗಿತ್ತು. ಅಲ್ಲಿಂದ ಮುಂದಕ್ಕೆ ಪ್ರತಿಯೊಬ್ಬರ ಹೆಸರಿಗೂ ಹಿಂದಿನವರ ಮುಖ! ಕಾಪಿಯೂ ಇರಲಿಲ್ಲ, ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಹಾಗಾಗಿ ಎರಡೂ ಕಾಲಂನಲ್ಲಿ ಎಷ್ಟೆಷ್ಟು ಸಾಲಿದೆ ಎಂದು ಎಣಿಸಿ. ಮೊದಲಿನದು, ನಡುವಿನ ಒಂದೆರಡು, ಕೊನೆಯದು ತೆರೆದು ಮುಖ ನೋಡಿ. ಇನ್ನೊಂದು ಮಾತು. ಕ್ಯಾಮೆರಾದ ನಂಬರ್ 9999 ಮುಟ್ಟಿದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ನಿಮ್ಮ ಫೋಟೊಗಳು ಅಲ್ಲೇ ಸಿಕ್ಕಿಕೊಂಡಿದ್ದರೆ ಹೆಸರಿನ ಕ್ರಮ ನಂಬುವ ಹಾಗಿಲ್ಲ.

ಈಗ ಸಿ1 ಕೋಶದಲ್ಲಿ ಈ ಸೂತ್ರ:

="ಆರ್‌ಇಎನ್ "&ಸಿಎಚ್‌ಎಆರ್(34)&ಎ1&ಸಿಎಚ್‌ಎಆರ್(34)&" "&ಸಿಎಚ್‌ಎಆರ್(34)&ಬಿ1&".ಜೆಪಿಜಿ"&ಸಿಎಚ್‌ಎಆರ್(34)

ನೋಡಿ ಹೆದರಬೇಡಿ. ಆರ್‌ಇಎನ್ ಅಂದರೆ ಹೆಸರು ಬದಲಿಸುವ ಕಮಾಂಡ್, 34 ಅಂದರೆ ಡಬಲ್ ಕೋಟ್ ಚಿಹ್ನೆಯ ನಂಬರ್, ಅಷ್ಟೇ. ಹೆಸರಿನ ನಡುವೆ ಜಾಗ ಇದ್ದರೆ ಕೋಟ್ ಒಳಗೆ ಹಾಕದೆ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ಕೋಶದ ಮೂಲೆ ಹಿಡಿದು ಕೊನೆಯ ಸಾಲಿನವರೆಗೂ ಎಳೆಯಿರಿ.

ಡಿ ಕಾಲಂನಲ್ಲಿ ಇದನ್ನೇ ತಿರುಗಿಸಿ ಬರೆಯಿರಿ. ಮೊದಲ ಜೋಡಿ ಕೋಟ್‌ನಲ್ಲಿ ಬಿ1, ಅದರ ಬೆನ್ನಿಗೆ .ಜೆಪಿಜಿ. ಎರಡನೇ ಜೋಡಿಯಲ್ಲಿ ಬರೀ ಎ1. ಹಳೇ ಹೆಸರು ವಾಪಸ್ ತರುವುದು ಇದೇ. ಇದನ್ನು ಮಾಡದೆ ಮುಂದೆ ಹೋಗಲೇಬೇಡಿ.

ನೋಟ್‌ಪ್ಯಾಡ್‌ನಲ್ಲಿ ಹೊಸ ಫೈಲ್ ತೆರೆಯಿರಿ. ಮೊದಲ ಸಾಲು ಸಿಎಚ್‌ಸಿಪಿ 65001, ಅದರ ಕೆಳಗೆ ಸಿ ಕಾಲಂ ಪೂರ್ತಿ, ಕೊನೆಗೆ ಪಾಸ್ ಎಂಬ ಪದ, ಅಂದರೆ ಪಿಎಯುಎಸ್‌ಇ. ಅದಿಲ್ಲದಿದ್ದರೆ ಕೆಲಸ ಮುಗಿದ ತಕ್ಷಣ ಕಿಟಕಿ ಮುಚ್ಚಿಕೊಂಡು, ಏನು ತಪ್ಪಾಯಿತು ಅಂತ ಓದಲಿಕ್ಕೇ ಆಗುವುದಿಲ್ಲ. ಸೇವ್ ಮಾಡುವಾಗ ಆಲ್ ಫೈಲ್ಸ್ ಆಯ್ದುಕೊಂಡು, ಎನ್‌ಕೋಡಿಂಗ್ ಯುಟಿಎಫ್-8 ಇಟ್ಟು, ಹೆಸರಿನ ಕೊನೆಗೆ .ಬಿಎಟಿ ಸೇರಿಸಿ (ಒಳಗಿನ ಕಮಾಂಡ್‌ಗಳನ್ನು ವಿಂಡೋಸ್ ಒಂದೊಂದಾಗಿ ಓಡಿಸಲಿ ಅಂತ), ಅದೇ ಫೋಲ್ಡರ್‌ನಲ್ಲಿ ಇಡಿ. ಡಿ ಕಾಲಂಗೂ ಹೀಗೇ ಇನ್ನೊಂದು ಫೈಲ್. ಅದಕ್ಕೆ ‘ವಾಪಸ್’ ಅಂತ ಹೆಸರಿಡಿ.

ಮೊದಲನೆಯದರ ಮೇಲೆ ಡಬಲ್ ಕ್ಲಿಕ್ ಮಾಡಿ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ಒಂದೆರಡು ಫೈಲ್ ಹಾಗೇ ಉಳಿದರೆ ಕಾರಣ ಸಾಮಾನ್ಯವಾಗಿ ಸಣ್ಣದು. ಒಂದೇ ಹೆಸರಿನ ಇಬ್ಬರು ಇದ್ದರೆ ವಿಂಡೋಸ್ ಎರಡನೆಯದನ್ನು ಬದಲಿಸುವುದಿಲ್ಲ, ಮೊದಲಿನದನ್ನು ಅಳಿಸುವುದೂ ಇಲ್ಲ. ಹೆಸರಿನ ಶುರುವಿಗೆ ಕ್ರಮಸಂಖ್ಯೆ ಹಾಕಿ: 007, 008 ಹೀಗೆ. ಸೊನ್ನೆ ಬಿಟ್ಟರೆ ಕೆಲವು ಕಡೆ 10 ಬಂದು 2ರ ಮುಂದೆ ಕೂರುತ್ತದೆ, ಅಲ್ವಾ? ಸ್ಲ್ಯಾಶ್, ಕೋಲನ್, ಪ್ರಶ್ನೆಚಿಹ್ನೆ, ನಕ್ಷತ್ರ ಸೇರಿ ಒಂಬತ್ತು ಚಿಹ್ನೆಗಳು ಫೈಲ್ ಹೆಸರಿನಲ್ಲಿ ನಡೆಯುವುದಿಲ್ಲ. ಪರ್ಸೆಂಟ್ ಚಿಹ್ನೆ ಹೆಸರಲ್ಲಿ ಇರಬಹುದು, ಆದರೆ ಬಿಎಟಿ ಫೈಲಿನಲ್ಲಿ ಅದನ್ನು ಎರಡೆರಡು ಸಲ ಬರೆಯಬೇಕು.

ಕೊನೆಗೆ ಫೋಲ್ಡರನ್ನು ದೊಡ್ಡ ಐಕಾನ್‌ಗಳಲ್ಲಿ ತೆರೆದು ಹೆಸರು, ಮುಖ ತಾಳೆ ನೋಡಿ. ತಪ್ಪಿದ್ದರೆ ‘ವಾಪಸ್’ ಮೇಲೆ ಡಬಲ್ ಕ್ಲಿಕ್ ಮಾಡಿ, ಬಿ ಕಾಲಂ ಸರಿಪಡಿಸಿ, ಎರಡೂ ಫೈಲ್‌ಗಳನ್ನು ಹೊಸದಾಗಿ ಮಾಡಿ, ಇನ್ನೊಮ್ಮೆ ಓಡಿಸಿ.